ಕೆಂಚಿಯ ಕಾಲಿನ ಹಳದಿ ಚುಕ್ಕೆ

ಮಂಗಳವಾರ, ಮಧ್ಯಾಹ್ನ

ಮನೆ ಬಿಟ್ಟು ಹೋದ ಯಜಮಾನರಿಗೆ, ಮನೆಯಲ್ಲೇ ಉಳಿದವಳ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಭಾನುವಾರ ಬಂದು ಕೆಂಚಿಯನ್ನು ಕರೆದುಕೊಂಡು ಹೋಗುತ್ತೀರಂತೆ. ಸವಾರಿ ಶಾಲೆಯ ಆ ನಿಮ್ಮ ಮೇಡಂಗೆ ಕೆಂಪು ಕುದುರೆಯೇ ಬೇಕಂತೆ. ಪುಟ ತುಂಬ ಕೆಂಚಿ ಹೇಗಿದ್ದಾಳೆ, ಮೇವು ತಿನ್ನುತ್ತಾಳಾ ಎಂದೇ ಕೇಳಿದ್ದೀರಿ. ನಾನು ಇದ್ದೇನೋ ಸತ್ತೆನೋ ಎಂದು ಒಂದು ಸಾಲು ಬೇಡವೇ? ಹೋಗಲಿ ಬಿಡಿ, ಇದ್ದೇನೆ.

ಕೆಂಚಿಗೆ ಹುಷಾರಿಲ್ಲ. ಹೊಟ್ಟೆ ತುಂಬ ಹುಳು. ಯಾವ ಹುಳು ಎಂದು ನಿಮಗೆಲ್ಲಿ ಗೊತ್ತು, ಲಾಯದ ಚಾಕರಿ ನನ್ನದು, ಸವಾರಿ ನಿಮ್ಮದು ತಾನೇ? ಜೇನುಹುಳದಂಥ ಒಂದು ನೊಣ ಕುದುರೆಯ ಮುಂಗಾಲಿನ ಕೂದಲಿಗೆ ಹಳದಿ ಚುಕ್ಕೆಯಂಥ ಮೊಟ್ಟೆ ಅಂಟಿಸುತ್ತದೆ. ಕಚ್ಚುವುದಿಲ್ಲ, ನೋಯಿಸುವುದಿಲ್ಲ. ಕುದುರೆ ತಾನಾಗಿಯೇ ಕಾಲು ನೆಕ್ಕಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಮರಿಹುಳು ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ಕೂತು ಮೇಯುತ್ತದೆ. ಇದನ್ನು ಬರೆಯುವಾಗ ನನಗೆ ಯಾರ ನೆನಪಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ನಾನು ದಿನಾ ಬೆಳಿಗ್ಗೆ ಮೊಂಡು ಚಾಕು ಹಿಡಿದು ಆ ಮೊಟ್ಟೆಗಳನ್ನು ಹೆರೆದು ತೆಗೆಯುತ್ತಿದ್ದೆ. ನಮ್ಮ ಮಗು ಹೊಟ್ಟೆಯಲ್ಲೇ ಹೋಗಿ ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀವು ಮಾಡಿದ್ದೇನು? ಮೇಡಂ ಕುದುರೆ ನೋಡಲು ಬರುತ್ತಾಳೆಂದು ಬಿಸಿನೀರಲ್ಲಿ ಕೆಂಚಿಯ ಕಾಲು ತೊಳೆದು ಒದ್ದೆಯಾಗಿಯೇ ಬಿಟ್ಟಿರಿ. ಬಿಸಿ ತಾಗಿದರೆ ಮೊಟ್ಟೆ ಒಡೆದು ಮರಿಯಾಗುತ್ತದೆ, ಪುಣ್ಯಾತ್ಮರೇ! ಕೆಂಚಿ ನೆಕ್ಕಿದಳು. ನೀವು ಆಸ್ಪತ್ರೆಗೆ ಬಂದದ್ದು ಒಂದೇ ಸಲ, ಅದೂ ಕೆಂಚಿ ಕಾಲು ಹೆಂಗೆ ಹೊಳೀತಿದೆ ಗೊತ್ತೇನೇ ಅಂತ ಹೇಳೋದಕ್ಕೆ.

ಪಶುವೈದ್ಯರು ಮದ್ದು ಕುಡಿಸಿದರು. ಲದ್ದಿಯಲ್ಲಿ ಹುಳು ಬಿದ್ದವು. ಆದರೆ ಒಳಗೆಲ್ಲ ಹುಣ್ಣಾಗಿಬಿಟ್ಟಿದೆಯಮ್ಮಾ ಎಂದು ಅವರು ತಲೆ ಅಲ್ಲಾಡಿಸಿದರು. ನಾನು ಅಲ್ಲೇ ನಿಂತು ಗೋಳೋ ಎಂದು ಅತ್ತೆ.

ಆದ್ದರಿಂದ ಕೆಂಚಿಯನ್ನು ಕೊಡುವುದಿಲ್ಲ. ಕಾಲಿಗೆ ಬಿದ್ದರೂ ಕೊಡುವುದಿಲ್ಲ. ನಮ್ಮಪ್ಪ ಅವಳನ್ನು ಕೊಟ್ಟದ್ದು ನನಗೆ, ನಿಮಗಲ್ಲ. ಅವಳು ಲಾಯದಲ್ಲಿದ್ದಾಳೆ, ನಾನು ಬಾಗಿಲಲ್ಲಿ ಕೂತಿದ್ದೇನೆ. ಮದುವೆಯಾದಾಗಿನಿಂದ ನೀವು ಕೇಳಿದ್ದಕ್ಕೆಲ್ಲ ಹೂಂ ಎಂದೇ ಬಂದೆ. ಈ ಸಲ ಆಗುವುದಿಲ್ಲ.

ಇಂತಿ,
ಹೆಸರಿಗೆ ಮಾತ್ರ ನಿಮ್ಮ ಹೆಂಡತಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಲಾಯ ಖಾಲಿ. ನಿನ್ನೆ ಬೆಳಿಗ್ಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಕೆಂಚಿ ಹೋಗಿಬಿಟ್ಟಳು. ಕೊಡುವುದಿಲ್ಲ ಎಂದು ನಿಮಗೆ ಒಮ್ಮೆಯಾದರೂ ಹೇಳಬೇಕೆಂಬ ಆಸೆಯಿತ್ತು, ಅದಕ್ಕೇ ಪತ್ರ ಮುಗಿಯುವ ತನಕ ಅವಳನ್ನು ಬದುಕಿಸಿಕೊಂಡೆ.