ಆದತ್ ಎಂದರೆ ಚಟವಲ್ಲ

ಮಾದಕ ಔಷಧಗಳಿಗೆ ಪರವಾನಗಿ ಕೊಡುವ ಮತ್ತು ಕಸಿದುಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ, ಒಂದು ಪದವನ್ನು ತಪ್ಪಾಗಿ ತಿಳಿದು ನೀವು ನನ್ನ ತಾಯಿಯ ಮಾರ್ಫಿನ್ ಗುಳಿಗೆ ನಿಲ್ಲಿಸಿದ್ದೀರಿ. ನಾನು ಅಂಗಲಾಚಲು ಬರೆಯುತ್ತಿಲ್ಲ, ಜಗಳಕ್ಕೇ ಬರೆಯುತ್ತಿದ್ದೇನೆ.

ತಾಯಿ ರಹಮತ್ ಬೀಗೆ ಗರ್ಭಕೋಶದ ಕ್ಯಾನ್ಸರ್. ಅದು ಬೆನ್ನುಮೂಳೆಗೂ ಹಬ್ಬಿದಾಗ ಮೊಳಕಾಲ್ಮೂರಿನಿಂದ ಕರೆತಂದು ಚಳ್ಳಕೆರೆಯ ಸಣ್ಣ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಗುಳಿಗೆ ಶುರುವಾದಾಗ ವಾಂತಿ, ಮಂಪರು ಇದ್ದವು. ಬರಬರುತ್ತಾ ಮೈಗೆ ಒಗ್ಗಿತು. ಆಗ ನಿಮ್ಮ ಪರಿವೀಕ್ಷಕರು ವಾರ್ಡಿಗೆ ಬಂದು ಗುಳಿಗೆ ಹೇಗಿದೆ ಎಂದು ವಿಚಾರಿಸಿದರು. ಮನೆಯಲ್ಲಿ ಉರ್ದು ಆಡುವ ಅಮ್ಮ ತನಗೆ ಬರುವ ಕನ್ನಡದಲ್ಲಿ, "ಈಗ ತಕ್ಲೀಫ್ ಇಲ್ಲ ಸಾಬ್, ಆದತ್ ಆಗೈತೆ" ಎಂದಳು. "ಆದತ್ ಅಂದ್ರೇನ್ರಿ?" ಎಂದು ಅವರು ಕಾಂಪೌಂಡರ್ ಚಿತ್ತಪ್ಪನವರನ್ನು ಕೇಳಿದರು. ಸಂತೆಯಲ್ಲಿ ಕುಡಿತದ ಆದತ್ ಒಂದನ್ನೇ ಕೇಳಿದ್ದ ಚಿತ್ತಪ್ಪನವರು, "ಚಟ ಅಂತಾರೆ ಸಾರ್" ಎಂದುಬಿಟ್ಟರು. "ರೂಢಿಯಾಗೈತೆ ಅಂತಿದಾರೆ ಸಾರ್" ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಮರುವಾರವೇ ಔಷಧಿಯ ಕಪಾಟಿಗೆ ನಿಮ್ಮ ಮೊಹರು ಬಿತ್ತು.

ಚಟ ಹಿಡಿದವರನ್ನು ನೀವು ನೋಡಿಲ್ಲವೇ? ಬಸ್ ನಿಲ್ದಾಣದ ಬಳಿ ಸರ್ಕಾರದ್ದೇ ಪರವಾನಗಿಯಲ್ಲಿ ಸಾರಾಯಿ ಪಾಕೀಟು ಕಚ್ಚಿ ಹರಿಯುವವರು ಮನೆ ಮಠ ಮರೆಯುತ್ತಾರೆ. ಗುಳಿಗೆ ನುಂಗಿದ ನನ್ನ ತಾಯಿಗೆ ಮರೆತ ಮನೆಯೆಲ್ಲ ನೆನಪಾಗುತ್ತಿತ್ತು. ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದಳು, ನಮಾಜು ಮಾಡುತ್ತಿದ್ದಳು, ಸಾರಿಗೆ ಉಪ್ಪು ಕಡಿಮೆಯೆಂದು ನನ್ನನ್ನು ಬೈಯುತ್ತಿದ್ದಳು. ಇದು ಯಾವ ಸೀಮೆಯ ನಶೆ? ನೋವು ಹೆಚ್ಚಿದರೆ ಗುಳಿಗೆಯೂ ಹೆಚ್ಚು ಬೇಕಾಗುತ್ತದೆ, ದಿಢೀರನೆ ನಿಲ್ಲಿಸಿದರೆ ಒಗ್ಗಿದ ಮೈ ನಡುಗಿ ಬೆವರುತ್ತದೆ, ಇದು ಚಟವಲ್ಲ ಎಂದು ವೈದ್ಯರು ನಿಮಗೆ ವಿವರಿಸಿದರು. ಆ ನಡುಕವೇ ಚಟಕ್ಕೆ ಸಾಕ್ಷಿ ಎಂದಿರಿ. ಗುಳಿಗೆ ಕಸಿದವರೂ ನೀವೇ, ಸಾಕ್ಷಿ ಹುಟ್ಟಿಸಿದವರೂ ನೀವೇ, ತೀರ್ಪುಗಾರರೂ ನೀವೇ. ನಿಮ್ಮ ಜಾಣ್ಮೆಗೆ ಸಲಾಂ.

ಅಮ್ಮ ಈಗ ಸೆರಗು ಕಚ್ಚಿಕೊಂಡು ಮಲಗಿರುತ್ತಾಳೆ. ಮಗ್ಗುಲು ಬದಲಿಸಲು ಮುಟ್ಟಿದರೆ ನನ್ನ ಕೈಯನ್ನೇ ತಳ್ಳುತ್ತಾಳೆ. ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಮೊಹರು ತೆಗೆಸಿ. ಸಮಿತಿ, ಪರಿಶೀಲನೆ ಎಂದು ಕಾಲ ತಳ್ಳಬೇಡಿ, ಅಷ್ಟು ಕಾಲ ಅವಳ ಬಳಿ ಇಲ್ಲ. ನಂಬಿಕೆಯಿಲ್ಲದಿದ್ದರೆ ನೀವೇ ಬಂದು ಅವಳ ಮಂಚದ ಪಕ್ಕ ಕೂರಿ. ನಿನ್ನೆ ಅವಳು ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರವನ್ನೂ ನೀವೇ ಹೇಳಿ: "ನಾ ಏನ್ ತಪ್ಪು ಮಾತಾಡ್ದೆ, ಬೇಟಿ?"

ಇಂತಿ,
ನಿಮ್ಮ ಪ್ರಕಾರ ಚಟ ಹಿಡಿದವಳ ಮಗಳು,
ಜಬೀನ್