ದಿಬ್ಬವಿಲ್ಲದ ಊರಿನ ಲೈಸೆನ್ಸು

ಜನವರಿ 9, ಸಂಜೆ

ಇವತ್ತೂ ಚಪ್ಪಲಿ ಪಾಠ. ಸೋಫಾ ಮುಂದೆ ಮೂರು ಚಪ್ಪಲಿ ಸಾಲಾಗಿ — ಕ್ಲಚ್, ಬ್ರೇಕ್, ಆಕ್ಸಿಲರೇಟರ್. ಗೇರಿಗೆ ಅತ್ತೆಯ ಊರುಗೋಲು. ಇವರು ಪಕ್ಕದಲ್ಲಿ ಕೂತು ಬಾಯಲ್ಲೇ ಇಂಜಿನ್ ಸದ್ದು ಮಾಡುತ್ತಾರೆ. "ಕೇಳ್ತಾ? ಈಗ ಸದ್ದು ಭಾರ ಆಯ್ತು. ಗೇರ್ ಇಳಿಸು." ಇಳಿಸಿದೆ. ಅಷ್ಟರಲ್ಲಿ ಅತ್ತೆಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಕೋಲು ಸೆಕೆಂಡ್ ಗೇರಿನಲ್ಲಿತ್ತು.

"ನಿಮ್ಮ ಬಸ್ಸು ಸ್ಟಾಪಿಗೆ ಬಂದ ಮೇಲೆ ಹೇಳ್ರಪ್ಪ, ನಾನು ಇಳೀಬೇಕು" ಅಂದರು. ಮೂವರೂ ನಕ್ಕೆವು.

ನಿಜವಾದ ಕಾರಿನಲ್ಲಿ ಪಕ್ಕ ಕೂತು ಕಲಿಸುವ ಹಾಗಿಲ್ಲ ಇವರು. ನವೆಂಬರಿನಲ್ಲಿ ಊಟದ ಮೇಜಿನ ಹತ್ತಿರ ಬಿದ್ದು, ಕೈಕಾಲು ಸೆಟೆದು... ಅದನ್ನು ಮತ್ತೆ ಬರೆಯಲಾರೆ. ಫಿಟ್ಸ್. ಬಂದದ್ದು ಒಂದೇ ಸಲ. ಆದರೂ ಡಾಕ್ಟರು ಲೈಸೆನ್ಸ್ ಆಫೀಸಿಗೆ ತಿಳಿಸಿಬಿಟ್ಟರು. ಒಂದು ವರ್ಷ ಸ್ಟೇರಿಂಗ್ ಮುಟ್ಟಬಾರದು. ವರ್ಷ ಸುಸೂತ್ರ ಕಳೆದರೆ ಲೈಸೆನ್ಸ್ ವಾಪಸ್, ಇವರ ಸಿಟಿ ಬಸ್ಸೂ ವಾಪಸ್. ನಡುವೆ ಮುಟ್ಟಿ ಸಿಕ್ಕಿಬಿದ್ದರೆ ಎರಡೂ ಹೋದ ಹಾಗೆ. ಸದ್ಯಕ್ಕೆ ಡಿಪೋದ ಕಿಟಕಿ ಹಿಂದೆ ಕೂತು ಬೇರೆ ಡ್ರೈವರುಗಳಿಗೆ ಬಸ್ಸಿನ ಕೀ ಕೊಡುವ ಕೆಲಸ.

ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕ್ಲಿನಿಕ್ ದಿಬ್ಬದ ಮೇಲೆ. ಇಷ್ಟು ವರ್ಷ ಇವರೇ ಕರೆದೊಯ್ಯುತ್ತಿದ್ದರು. ಈಗ ಒಂದು ದಿನ ಪಕ್ಕದ ಮನೆಯವರ ಮುಖ ನೋಡಬೇಕು, ಇನ್ನೊಂದು ದಿನ ಬಾಡಿಗೆ ಕಾರಿನವನದು. ಹಾಗಾಗಿ ಐವತ್ತರ ಹೊಸ್ತಿಲಲ್ಲಿ ನಾನು ಚಪ್ಪಲಿ ತುಳಿಯುತ್ತಿದ್ದೇನೆ.

ಜನವರಿ 17

ಡ್ರೈವಿಂಗ್ ಸ್ಕೂಲಿನ ಮಾಸ್ಟರ್ ಇವತ್ತು ದಿಬ್ಬಕ್ಕೆ ಕರೆದೊಯ್ದರು. ಏರಿನ ನಟ್ಟನಡುವೆ ಒಂದು ಸಿಗ್ನಲ್. ಯಾವ ಪುಣ್ಯಾತ್ಮ ಅಲ್ಲಿ ನೆಟ್ಟನೋ. ಕೆಂಪು ಬಿತ್ತು, ನಿಲ್ಲಿಸಿದೆ. ಹಸಿರಾಯಿತು. ಹಾಫ್ ಕ್ಲಚ್, ಹ್ಯಾಂಡ್ ಬ್ರೇಕ್ — ಚಪ್ಪಲಿ ಮೇಲೆ ಎಷ್ಟು ಸಲ ಮಾಡಿಲ್ಲ. ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ಲಾರಿ. ಅವನು ಒಂದೇ ಸಮ ಹಾರ್ನ್ ಹೊಡೆದ. ಮಾಸ್ಟರ್ ತಮ್ಮ ಕಡೆಯ ಬ್ರೇಕ್ ತುಳಿದು ಉಳಿಸಿದರು.

ಮೇಲೆ ಹೋಗಿ ನಿಲ್ಲಿಸಿದೆ. ಅವರು ಗ್ಲಾಸು ಇಳಿಸಿ ಆರಾಮಾಗಿ ಅಂದರು, "ಇಲ್ಲಿನ ಸೆಂಟರಲ್ಲಿ ಟೆಸ್ಟ್ ತಗೊಂಡ್ರೆ ಈ ಸಿಗ್ನಲ್ ತಪ್ಪಲ್ಲ ಮೇಡಂ. ಎಲ್ಲರನ್ನೂ ಇಲ್ಲಿಗೇ ತರ್ತಾರೆ."

ಜನವರಿ 22

ಟೆಸ್ಟಿಗೆ ಬುಕ್ ಮಾಡಲು ಕೂತರೆ ಮೊದಲ ಪ್ರಶ್ನೆಯೇ — ಯಾವ ಸೆಂಟರ್? ನಮ್ಮದು ಒಂದು. ಇನ್ನೊಂದು ರೈಲಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರಿನದು. ಅಲ್ಲಿ ಬೇಗ ಡೇಟ್ ಸಿಗುತ್ತದೆ. ಮಾಸ್ಟರ್ ಪ್ರಕಾರ ಆ ಊರು ಅಂಗೈಯಷ್ಟು ಸಪಾಟು. "ಅಲ್ಲಿ ಏರು ಅಂದ್ರೆ ಸ್ಪೀಡ್ ಬ್ರೇಕರ್ ಒಂದೇ."

ಇವರಿಗೆ ಹೇಳಿದೆ. ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇಲ್ಲೇ ತಗೋ."

"ಫೇಲಾದ್ರೆ?"

"ಆಗ್ಲಿ ಬಿಡು. ಇನ್ನೊಂದ್ಸಲ ತಗೊಂಡ್ರಾಯ್ತು. ನೀನು ಓಡ್ಸೋದು ಈ ರಸ್ತೇಲಿ ತಾನೇ? ಆ ಊರಲ್ಲೇನು ಸಂಸಾರ ಹೂಡ್ತೀಯಾ?"

ಸಿಟ್ಟು ನೆತ್ತಿಗೇರಿತು. ಬಾಡಿಗೆ ಕಾರಿನವನಿಗೆ ಫೋನ್ ಮಾಡುವವಳು ನಾನು. ಪಕ್ಕದ ಮನೆಯವರ ಮುಂದೆ ಹಲ್ಲು ಗಿಂಜುವವಳು ನಾನು. ಹೊಲಿಗೆ ಅಂಗಡಿಯಿಂದ ಅರ್ಧಕ್ಕೇ ಎದ್ದು ಬಂದು ಓನರಮ್ಮನ ಕೈಲಿ ಅನ್ನಿಸಿಕೊಳ್ಳುವವಳೂ ನಾನೇ. "ಕೂತ್ಕೊಂಡು ಹೇಳೋರಿಗೇನ್ರೀ, ಹೇಳ್ತಾರೆ" ಅಂದುಬಿಟ್ಟೆ.

ಕೂತುಕೊಂಡು ಕೀ ಕೊಡುವವರಿಗೆ ಆಡುವ ಮಾತಾ ಅದು. ಇವರು ತಟ್ಟೆ ತೊಳೆದಿಟ್ಟು ಮಲಗಲು ಹೋದರು. ನಾಲಿಗೆ ಕಚ್ಚಿಕೊಂಡೆ. ಆದರೆ ಬುಕ್ ಮಾಡಿದ್ದು ಸಣ್ಣ ಊರನ್ನೇ.

ಫೆಬ್ರವರಿ 6, ರೈಲಿನಲ್ಲಿ

ಪಾಸ್.

ಟೆಸ್ಟ್ ಅಧಿಕಾರಿ ಆಕಳಿಸುತ್ತ ಕೂತಿದ್ದರು. ಎರಡು ಸರ್ಕಲ್, ಒಂದು ಶಾಲೆಯ ಗೋಡೆ ಪಕ್ಕ ರಿವರ್ಸ್, ಖಾಲಿ ರಸ್ತೆಯಲ್ಲಿ ಒಂದು ಯು-ಟರ್ನ್. "ಸಾಕಮ್ಮ, ಚೆನ್ನಾಗಿ ಓಡಿಸ್ತೀರಿ" ಅಂದರು. ಈ ವಯಸ್ಸಿನಲ್ಲಿ ಯಾರಾದರೂ ಭೇಷ್ ಅಂದರೆ ಎಷ್ಟು ಖುಷಿಯಾಗುತ್ತೆ... ಸ್ಟೇಷನ್ನಿನಲ್ಲಿ ಕಾಫಿ ಕುಡಿದೆ, ಒಬ್ಬಳೇ, ಮಹಾರಾಣಿಯ ಹಾಗೆ.

ಫೋನ್ ಮಾಡಿದೆ. "ಒಳ್ಳೇದಾಯ್ತು ಕಣೇ" ಅಂದರು. ಹಿಂದೆಯೇ, "ದಿಬ್ಬ ಯಾವಾಗ ಕಲೀತೀಯ?"

ಕಲಿಯುತ್ತೇನೆ. ಎಲ್ಲಿಗೆ ಓಡಿಹೋಗುತ್ತೆ ದಿಬ್ಬ.

ಫೆಬ್ರವರಿ 11

ಅತ್ತೆಯನ್ನು ಕೂರಿಸಿಕೊಂಡು ಮೊದಲ ಸವಾರಿ. ದಿಬ್ಬ ಬಿಟ್ಟು, ಗೋಡೌನ್‌ಗಳ ಹಿಂದಿನ ರಸ್ತೆಯಲ್ಲಿ ಸುತ್ತುಹಾಕಿ, ಕ್ಲಿನಿಕ್ಕಿನ ಹಿಂದಿನ ಗೇಟಿಗೆ. ಸುತ್ತು ಅಂದರೆ ಸಣ್ಣ ಸುತ್ತಲ್ಲ. ಅಲ್ಲಿ ಲಾರಿಗಳದೇ ರಾಜ್ಯ. ತಲುಪಿದಾಗ ತಡವಾಗಿತ್ತು. ಸಿಸ್ಟರ್ ಗಡಿಯಾರ ನೋಡಿದರು, ಬಾಯಿ ಬಿಟ್ಟು ಏನೂ ಅನ್ನಲಿಲ್ಲ.

ಅತ್ತೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಯೇ ಇದ್ದರು. ಹೆದರಿಕೆಯೋ ಸುಸ್ತೋ ಕೇಳಲಿಲ್ಲ.

ಫೆಬ್ರವರಿ 18

ಇವತ್ತು ಸಿಸ್ಟರ್ ಬಾಯಿ ಬಿಟ್ಟರು. "ನಿಮ್ಮ ನಂತರ ಬೇರೆ ಪೇಷೆಂಟ್ ಇದ್ದಾರೆ. ನೀವು ಲೇಟ್ ಮಾಡಿದಷ್ಟೂ ಅಜ್ಜಿ ಟೈಮೇ ಕಟ್ ಆಗತ್ತೆ. ರಕ್ತ ಪೂರ್ತಿ ಕ್ಲೀನ್ ಆಗಲ್ಲ." ಅತ್ತೆಯ ಪಾದ ಊದಿದ್ದನ್ನು ಎತ್ತಿ ತೋರಿಸಿದರು. ನೆಲ ಬಿರಿದು ನುಂಗಬಾರದಾ ಅನ್ನಿಸಿತು.

ಇವರು ಡ್ಯೂಟಿ ಅದಲುಬದಲು ಮಾಡಿಕೊಂಡಿದ್ದಾರೆ. ಮುಂದಿನ ಸಲದಿಂದ ಜೊತೆಗೆ ಬರುತ್ತಾರಂತೆ. ದಿಬ್ಬದ ಮೇಲೇ ಹೋಗುವುದಂತೆ. "ನಾನಿರ್ತೀನಲ್ಲ ಪಕ್ಕದಲ್ಲಿ."

ಫೆಬ್ರವರಿ 21, ಮಧ್ಯಾಹ್ನ

ಸಿಗ್ನಲಿನಲ್ಲಿ ಗಾಡಿ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಸಿರು ಹೋಗಿ ಕೆಂಪು ಬಂತು, ಮತ್ತೆ ಹಸಿರು. ಹಿಂದಿನವರೆಲ್ಲ ಹಾರ್ನಿನಲ್ಲೇ ಬೈಯುತ್ತಿದ್ದರು. ಇವರು ಮೆಲ್ಲಗೆ ಹೇಳುತ್ತಲೇ ಇದ್ದರು, "ಕ್ಲಚ್ ನಿಧಾನ... ನಿಧಾನ..." ನನಗೆ ಕೇಳಿಸುತ್ತಿರಲಿಲ್ಲ. ಕಣ್ಣಲ್ಲಿ ನೀರು.

"ಇಳಿ" ಅಂದರು.

ಇಳಿದೆ. ಒಂದು ಮಾತು ಎದುರಾಡಲಿಲ್ಲ. ಬೇಡಿ ಅನ್ನಲಿಲ್ಲ. ಇನ್ನೊಂದು ಸಲ ನೋಡುತ್ತೇನೆ ಅನ್ನಲಿಲ್ಲ. ಇಳಿದು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತೆ. ಇವರು ಕೂತರು, ಕಾರು ಬೆಣ್ಣೆಯ ಹಾಗೆ ಮೇಲೆ ಹೋಯಿತು. ಸಮಾಧಾನ ಆಯಿತು ನನಗೆ. ನಿಜ ಬರೆಯಬೇಕಲ್ಲ — ಎಷ್ಟು ಸಮಾಧಾನ ಅಂದರೆ, ಡಾಕ್ಟರು ಹೇಳಿದ್ದು ನೆನಪಾದದ್ದೇ ಕ್ಲಿನಿಕ್ಕಿನ ಮುಂದೆ ನಿಂತ ಮೇಲೆ.

"ಒಂದ್ಸಲ ತಾನೇ" ಅಂದರು. ನಾನೂ ಹೂಂ ಅಂದೆ.

ಫೆಬ್ರವರಿ 23

ಇವತ್ತೂ. ಈ ಸಲ ಸಿಗ್ನಲಿನವರೆಗೆ ಕಾಯಲಿಲ್ಲ. ದಿಬ್ಬದ ಬುಡದಲ್ಲಿ ಟೈರ್ ಅಂಗಡಿ ಹತ್ತಿರ ನಿಲ್ಲಿಸಿ ಸೀಟು ಬದಲು.

ಜೂನ್ 14

ತುಂಬ ದಿನದಿಂದ ಬರೆದಿಲ್ಲ. ಬರೆಯುವಂಥದ್ದೇನೂ ಇಲ್ಲ ಅನ್ನುವುದು ನೆಪ.

ಈಗ ಅಭ್ಯಾಸವಾಗಿದೆ. ಮನೆಯಿಂದ ಟೈರ್ ಅಂಗಡಿವರೆಗೆ ನಾನು. ಅಲ್ಲಿಂದ ಕ್ಲಿನಿಕ್ಕಿಗೆ ಇವರು. ಬರುವಾಗ ಇಳಿಜಾರು, ನಾನೇ. ಟೈರ್ ಅಂಗಡಿಯವನು ನಮ್ಮನ್ನು ನೋಡಿ ನಗುತ್ತಾನೆ. ಅತ್ತೆ, "ಚಿಕ್ಕವರಿದ್ದಾಗ ಕುರ್ಚಿ ಆಟ ಆಡಿದ್ದು ಸಾಕಾಗ್ಲಿಲ್ವೇನೋ ಇಬ್ಬರಿಗೂ" ಅನ್ನುತ್ತಾರೆ.

ತಡೆಯಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಆದರೆ ಇವರ ಮುಖ ನೋಡಬೇಕು ಆ ದಿಬ್ಬದಲ್ಲಿ. ಇಡೀ ದಿನ ಕಿಟಕಿ ಹಿಂದೆ ಬಾಡಿಕೊಂಡಿರುವ ಮನುಷ್ಯ ಗೇರಿಗೆ ಕೈ ಹಾಕಿದ ಕೂಡಲೇ ಬೆನ್ನು ನೆಟ್ಟಗೆ ಮಾಡುತ್ತಾರೆ. ಬಸ್ಸಿನಲ್ಲಿ ಮಾಡುವ ಹಾಗೆ ಎಡ-ಬಲದ ಕನ್ನಡಿ ನೋಡುತ್ತಾರೆ. ಆ ನಾಲ್ಕು ಮಾರು ರಸ್ತೆಗಾಗಿ ಬದುಕಿದ್ದಾರೇನೋ ಅನ್ನಿಸುತ್ತದೆ. ನನಗೆ ಬಿಡಿಸಲು ಮನಸ್ಸು ಬರುವುದಿಲ್ಲ. ಅಥವಾ ನನಗೆ ದಿಬ್ಬ ಬೇಡ, ಅದಕ್ಕೆ ಇವರ ಖುಷಿಯ ಹೆಸರು. ಎರಡೂ ಇರಬಹುದು.

ಸೆಪ್ಟೆಂಬರ್ 30

ಇವತ್ತು ಹೇಳಿಯೇ ಬಿಟ್ಟೆ. "ಇನ್ನು ಬೇಡ್ರೀ. ಯಾರಾದ್ರೂ ನೋಡಿದ್ರೆ? ಮಾಸ್ಟರ್ ಹತ್ರ ಹೋಗಿ ದಿಬ್ಬ ಒಂದೇ ಕಲಿತು ಬರ್ತೀನಿ."

"ಹೋಗು" ಅಂದರು. "ಆದ್ರೂ ಇನ್ನೇನು, ನವೆಂಬರ್ ಬಂದೇ ಬಿಡ್ತು."

ಬರುವ ವಾರ ಹೋಗುತ್ತೇನೆ. ಅಂಗಡಿಯಲ್ಲಿ ಸ್ಕೂಲ್ ಯೂನಿಫಾರ್ಮ್ ರಾಶಿ ಬಿದ್ದಿದೆ, ಅದು ಮುಗಿಯಲಿ.

ಅಕ್ಟೋಬರ್ 19

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸಿಗ್ನಲ್ ಕೆಂಪಿತ್ತು. ಇವರು ನಿಲ್ಲಿಸಿದ್ದರು, ಹ್ಯಾಂಡ್ ಬ್ರೇಕ್ ಹಾಕಿ. ನಮ್ಮ ಮುಂದೆ ಒಂದು ಕಾರು, ಅದರ ಹಿಂಬದಿಗೆ ಎಲ್ ಬೋರ್ಡ್. ಹಸಿರಾಯಿತು. ಆ ಕಾರು ಜಾರಿತು. ಇವರು ಹಾರ್ನ್ ಒತ್ತಿದರು. ರಿವರ್ಸ್ ಹಾಕಲು ಹಿಂದೆ ಜಾಗವಿರಲಿಲ್ಲ. ಬಂದು ನಮ್ಮ ಬಂಪರಿಗೆ ಕುಟ್ಟಿತು. ಅಷ್ಟೇ. ಒಂದು ಗೀರು.

ಕಾರಿನಿಂದ ಒಬ್ಬ ಹುಡುಗಿ ಇಳಿದಳು, ಇಪ್ಪತ್ತು ದಾಟಿರಲಿಕ್ಕಿಲ್ಲ, ಅಳುತ್ತ. ಆ ಕಡೆಯಿಂದ ಟೆಸ್ಟ್ ಅಧಿಕಾರಿ ಇಳಿದರು. ಅವಳದು ಅದು ಟೆಸ್ಟ್. ನಮ್ಮ ಸೆಂಟರಿನ ಟೆಸ್ಟ್.

"ಪರವಾಗಿಲ್ಲ ಬಿಡಿ, ಕಲಿಯೋ ಮಗು" ಅಂದರು ಇವರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಟೆಸ್ಟ್ ನಡೆಯುವಾಗ ಗುದ್ದಿದರೆ ವರದಿ ಆಗಲೇಬೇಕಂತೆ. ಪೊಲೀಸರು ಬರಲೇಬೇಕಂತೆ. ಅಧಿಕಾರಿ ವಿನಯದಿಂದಲೇ ಕೇಳಿದರು, "ನಿಮ್ಮ ಲೈಸೆನ್ಸ್ ಕೊಡಿ ಸಾರ್. ತಪ್ಪು ನಮ್ಮದೇ, ಫಾರ್ಮಾಲಿಟಿ ಅಷ್ಟೇ."

ನಾನು ಬಾಯಿ ತೆರೆದೆ. ನಾನೇ ಓಡಿಸುತ್ತಿದ್ದೆ ಅನ್ನಲು. ಇವರು ಕಣ್ಣಲ್ಲೇ ಬೇಡ ಅಂದರು. ಸ್ಟೇರಿಂಗ್ ಹಿಡಿದು ಕೂತವರನ್ನು ಅವರಿಬ್ಬರೂ ಕನ್ನಡಿಯಲ್ಲಿ ನೋಡಿದ್ದರು.

ತಪ್ಪು ಅವರದು. ಹೋದದ್ದು ನಮ್ಮದು.

ಅತ್ತೆ ಹಿಂದಿನ ಸೀಟಿನಿಂದ ಒಂದೇ ಮಾತು ಕೇಳುತ್ತಿದ್ದರು, "ಏನಾಯ್ತೋ? ನಿನ್ನ ತಪ್ಪಲ್ವಲ್ಲೋ?"

ನವೆಂಬರ್ 8

ಲೈಸೆನ್ಸ್ ಆಫೀಸಿನಲ್ಲಿ ವಿಚಾರಣೆ. ಉದ್ದ ಮೇಜು, ಆ ಕಡೆ ಇಬ್ಬರು. ನಾನು ಗೋಡೆ ಪಕ್ಕದ ಕುರ್ಚಿಯಲ್ಲಿ.

"ನಿಮ್ಮ ಮನೆಯವರಿಗೆ ಲೈಸೆನ್ಸ್ ಇದೆ. ಪಕ್ಕದಲ್ಲೇ ಕೂತಿದ್ರು. ಅವರ್ಯಾಕೆ ಓಡಿಸ್ಲಿಲ್ಲ?"

ಇವರು ತಿರುಗಿ ನನ್ನ ಕಡೆ ನೋಡಲೂ ಇಲ್ಲ. "ಅವಳು ಬೇಡ ಅಂತಲೇ ಇದ್ಲು ಸಾರ್. ನನಗೇ ಆಸೆ ತಡೀಲಿಲ್ಲ."

ಎದ್ದು ನಿಂತು ಹೇಳಬೇಕಿತ್ತು. ಸುಳ್ಳು ಸಾರ್, ನನಗೆ ದಿಬ್ಬ ಹತ್ತಿಸಲು ಬರುವುದಿಲ್ಲ, ದಿಬ್ಬವಿಲ್ಲದ ಊರಿಗೆ ಹೋಗಿ ಪಾಸ್ ಮಾಡಿಕೊಂಡು ಬಂದವಳು ನಾನು, ಅಂತ. ಎದ್ದೆನಾ? ಬಾಯಿಗೆ ಬೀಗ ಬಿದ್ದಂತೆ ಕೂತೆ. ಹೇಳಿದ್ದರೆ ತೀರ್ಪು ಬದಲಾಗುತ್ತಿತ್ತೋ ಇಲ್ಲವೋ. ಹೇಳಲಿಲ್ಲವಲ್ಲ, ಅದು ಸುಡುತ್ತಿದೆ.

ಲೈಸೆನ್ಸ್ ರದ್ದು. ಆರು ತಿಂಗಳಾದ ಮೇಲೆ ಹೊಸಬರ ಹಾಗೆ ಮತ್ತೆ ಟೆಸ್ಟ್ ತೆಗೆದುಕೊಳ್ಳಬಹುದು, ಕಾರಿಗೆ ಮಾತ್ರ. ಬಸ್ಸಿಗೆ ಅರ್ಜಿ ಹಾಕಲು ಐದು ವರ್ಷ ಬೇಕು. ಅಷ್ಟರಲ್ಲಿ ಇವರಿಗೆ ರಿಟೈರ್‌ಮೆಂಟ್.

ನವೆಂಬರ್ 15

ಡಾಕ್ಟರ ಹತ್ತಿರ ವರ್ಷದ ತಪಾಸಣೆ. ಯಾವಾಗಲೋ ಹಾಕಿಸಿಕೊಂಡ ಅಪಾಯಿಂಟ್‌ಮೆಂಟು, ಹೋದೆವು. "ಏನೂ ತೊಂದರೆ ಇಲ್ಲ. ಇನ್ನು ಧಾರಾಳವಾಗಿ ಓಡಿಸಿ" ಅಂದರು. ಇವರು ಥ್ಯಾಂಕ್ಸ್ ಹೇಳಿ ಎದ್ದರು. ಆಗಿದ್ದನ್ನು ಡಾಕ್ಟರಿಗೆ ಹೇಳಲೇ ಇಲ್ಲ, ಇಬ್ಬರೂ.

ನವೆಂಬರ್ 17

ಆ ಗುದ್ದಿದ ದಿನದಿಂದ ಬಾಡಿಗೆ ಕಾರಿನಲ್ಲೇ ಹೋಗುತ್ತಿದ್ದೆವು. ಇವತ್ತು ನಾನೇ ದಿಬ್ಬ ಹತ್ತಿಸಿದೆ. ಅದಲುಬದಲಿಗೆ ಯಾರೂ ಇಲ್ಲವಲ್ಲ. ಅತ್ತೆ, ನಾನು ಇಬ್ಬರೇ. ಸಿಗ್ನಲ್ ಕೆಂಪು. ಒಂದು ಸಲ ಆಫ್ ಆಯಿತು. ಹಿಂದಿನವನು ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ ಅಂತ ಬಿಟ್ಟೆ. ಮತ್ತೆ ಸ್ಟಾರ್ಟ್ ಮಾಡಿ, ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟೆ, ಹ್ಯಾಂಡ್ ಬ್ರೇಕ್ ಇಳಿಸಿದೆ. ಹತ್ತಿತು.

ಇಷ್ಟೇನಾ. ಇದಕ್ಕಾ ಇವರ ಬಸ್ಸು ಕೊಟ್ಟೆ ನಾನು.

ಕ್ಲಿನಿಕ್ಕಿನ ಮುಂದೆ ಕಾರು ನಿಲ್ಲಿಸಿ ಅತ್ತುಬಿಟ್ಟೆ. ಅತ್ತೆ ಹಿಂದಿನಿಂದ ಕೈ ಚಾಚಿ ಹೆಗಲ ಮೇಲೆ ಇಟ್ಟರು. ಅವರಿಗೆ ಎಲ್ಲ ಗೊತ್ತು. ಒಂದು ದಿನ ಆಡಿ ತೋರಿಸಿಲ್ಲ.

ಫೆಬ್ರವರಿ 2

ಡಿಪೋದಲ್ಲಿ ಇವರನ್ನು ಕೀ ಕಿಟಕಿಗೇ ಖಾಯಂ ಮಾಡಿದರು. ಯೂನಿಫಾರ್ಮಿನ ಬಣ್ಣ ಬೇರೆ. ಅಳತೆ ಸರಿಯಿಲ್ಲ, ನಾನೇ ಕೂತು ಭುಜ ಬಿಚ್ಚಿ ಹೊಲಿದೆ. ಹಾಕಿಕೊಂಡು ಕನ್ನಡಿ ನೋಡದೆ ಹೋದರು.

ಬೈದಿದ್ದರೆ ಚೆನ್ನಾಗಿತ್ತು. ಒಂದು ಸಲ ಕೂಗಾಡಿ, ಅವತ್ತೇ ಹೇಳಿದ್ದೆ ಇಲ್ಲೇ ತಗೋ ಅಂತ, ಅಂದಿದ್ದರೆ. ಅನ್ನುವುದಿಲ್ಲ. ಊಟ ಆಯ್ತಾ ಅಂತ ಕೇಳುತ್ತಾರೆ.

ಮೇ 12, ಭಾನುವಾರ, ಬೆಳಿಗ್ಗೆ

ಆರು ತಿಂಗಳು ಮುಗಿದಿದೆ. ನಾನೇ ನೆನಪಿಸಿದ್ದೆ. ಇವರು ಸೋಫಾ ಮೇಲೆ ಫೋನ್ ಹಿಡಿದು ಕೂತು ಟೆಸ್ಟಿಗೆ ಬುಕ್ ಮಾಡುತ್ತಿದ್ದಾರೆ. ಇಡೀ ಊರನ್ನು ಬಸ್ಸಿನಲ್ಲಿ ಹೊತ್ತು ತಿರುಗಿದ ಮನುಷ್ಯ. ಹುಟ್ಟಿದ ದಿನಾಂಕ, ವಿಳಾಸ, ಕನ್ನಡಕ ಇದೆಯೋ ಇಲ್ಲವೋ, ಒಂದೊಂದೇ ತುಂಬಿಸುತ್ತ.

"ಯಾವ ಸೆಂಟರ್ ಅಂತ ಕೇಳ್ತಿದೆ ಕಣೇ."

"ಇಲ್ಲೇ" ಅಂದೆ, ಅಡುಗೆಮನೆಯಿಂದ. ಇದರಲ್ಲೇನು ಕೇಳುವುದು ಅನ್ನುವ ಹಾಗೆ.

ಹೊರಗೆ ಬಂದು ನೋಡಿದೆ. ಹೆಬ್ಬೆರಳು ಫೋನಿನ ಮೇಲೆ ಹಾಗೇ ನಿಂತಿತ್ತು.

"ಆ ನಿನ್ನ ಊರಲ್ಲಿ ದಿಬ್ಬ ಇಲ್ಲ ಅಲ್ವಾ? ಅಲ್ಲೇ ತಗೊಳ್ಳೋಣ ಅನ್ನಿಸ್ತಿದೆ. ಆ ಸಿಗ್ನಲಲ್ಲಿ ನನ್ನ ಕೈಲಿ... ಆಗತ್ತೋ ಇಲ್ವೋ."

ಅಣಕ ಇರಲಿಲ್ಲ. ಚುಚ್ಚು ಇರಲಿಲ್ಲ. ನಿಜವಾಗಿ ಹೆದರಿದ್ದಾರೆ. ಇವರಿಗೆ ದಿಬ್ಬದ ಹೆದರಿಕೆ.

ಒಲೆ ಮೇಲೆ ಹಾಲಿದೆ ಅಂತ ಒಳಗೆ ಬಂದೆ. ಹಾಲಿಲ್ಲ. ಈ ಪುಸ್ತಕ ಎಳೆದುಕೊಂಡು ನಿಂತೇ ಬರೆಯುತ್ತಿದ್ದೇನೆ. ಇಲ್ಲೇ ತಗೊಳ್ಳಿ ಅನ್ನಬೇಕು. ಫೇಲಾದ್ರೆ ಆಗ್ಲಿ ಬಿಡಿ ಅನ್ನಬೇಕು. ಆದರೆ ಯಾವ ಮುಖ ಇಟ್ಟುಕೊಂಡು...

ಮತ್ತೆ ಕರೆಯುತ್ತಿದ್ದಾರೆ. "ಹೇಳೇ, ಯಾವುದು ಒತ್ತಲಿ?"

ಹೋಗಿ ಹೇಳಬೇಕು.