ಕುರ್ಚಿ ನಮ್ಮದಲ್ಲ

ಉದ್ದನಪಲ್ಲಿ
ಜುಲೈ 1979

ರೆವೆನ್ಯೂ ಇನ್‌ಸ್ಪೆಕ್ಟರ್ ಸಾಹೇಬರಿಗೆ ಮುತ್ತರಾಯಪ್ಪನವರ ಮಗಳು ಆದಿಲಕ್ಷ್ಮಿ ಮಾಡುವ ನಮಸ್ಕಾರಗಳು.

ನನ್ನ ಕಾಲೇಜಿನ ಸ್ಕಾಲರ್‌ಶಿಪ್ಪಿಗಾಗಿ ನಮ್ಮ ಬಡತನ ನೋಡಲು ತಾವು ಸೋಮವಾರ ಬಂದಿರಿ. ಅದು ತಮಗೆ ಕಾಣಿಸಲಿಲ್ಲ. ತಪ್ಪು ನಮ್ಮದೇ. ಆಫೀಸರು ಬರುತ್ತಾರೆಂದು ತಿಳಿದೊಡನೆ ಅಪ್ಪ ಊರೆಲ್ಲ ಸುತ್ತಿ ಸಾಮಾನು ತಂದರು. ತಾವು ಕುಳಿತ ಕುರ್ಚಿ ಶ್ಯಾಮಣ್ಣನವರದು, ಹಾಡುತ್ತಿದ್ದ ರೇಡಿಯೊ ಮೇಷ್ಟರದು, ಕಾಫಿ ಕುಡಿದ ಬೆಳ್ಳಿ ಲೋಟ ಪಾರ್ವತಮ್ಮನವರದು. ಹಿತ್ತಿಲಿನ ಸೀಮೆಹಸು ಕೂಡ ನಮ್ಮದಲ್ಲ. ಅದಕ್ಕೇ ಅಪ್ಪನನ್ನು ಒದೆಯಿತು.

"ಇದೆಲ್ಲ ನಿಮ್ದೇನಾ?" ಎಂದು ತಾವು ಕೇಳಿದಾಗ ಅಪ್ಪ, "ಎಲ್ಲಾ ತಮ್ದೇ ಅಂದ್ಕೊಳಿ ಸ್ವಾಮಿ" ಎಂದರು. ಅದು ಮರ್ಯಾದೆಯ ಮಾತು. ತಾವು 'ಅನುಕೂಲಸ್ಥರು, ಸಹಾಯ ಬೇಡ' ಎಂದು ಬರೆದಿದ್ದೀರೆಂದು ಕಾಲೇಜಿನಲ್ಲಿ ತಿಳಿಯಿತು. ಸ್ಕಾಲರ್‌ಶಿಪ್ ಸಿಗದಿದ್ದರೆ ನಾನು ಕೃಷ್ಣಗಿರಿಗೆ ಹೋಗಿ ಓದುವಂತಿಲ್ಲ. ಅಪ್ಪನನ್ನು ಕೇಳಿದರೆ, "ಮನೆಗ್ ಬಂದೋರ್ನ ನೆಲದ್ ಮೇಲೆ ಕೂರ್ಸಕ್ಕಾಯ್ತದಾ?" ಎಂದು ನನಗೇ ಗದರುತ್ತಾರೆ.

ದಯವಿಟ್ಟು ಇನ್ನೊಮ್ಮೆ ಬನ್ನಿ. ಮೊದಲೇ ಹೇಳಿ ಕಳಿಸಬೇಡಿ. ಈ ಸಲ ಅಪ್ಪ ಸೂಳಗಿರಿಯಿಂದ ಟ್ರಾಕ್ಟರನ್ನೇ ತಂದು ನಿಲ್ಲಿಸಿಯಾರು. ಈ ಪತ್ರದ ವಿಷಯವನ್ನೂ ಅವರೆದುರು ಎತ್ತಬೇಡಿ. ಈ ದಾರಿಯಲ್ಲಿ ಹೋಗುತ್ತಿದ್ದೆ, ಬಾಯಾರಿತು ಎನ್ನಿ. ನೀರು ಕೊಡುವ ಸೊಟ್ಟ ಲೋಟ ನಮ್ಮದೇ.

ತಮ್ಮ ವಿಧೇಯಳು,
ಆದಿಲಕ್ಷ್ಮಿ